ಹೊಲಿಗೆ ಮಿಷನ್ನೂ ತಿಂಗಳ ಕಂತೂ

ಭಾಗ 1: ಕಾಳಿಯ ಬಾಯಲ್ಲಿ ಬಟ್ಟೆ

ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರೋ ಜಾಗದ ಫೋಟೋ ನಾವೆಲ್ಲ ಹಾಕ್ತಾನೇ ಇರ್ತೀವಿ. ಅದೇ ನದಿಬಾಯಿಂದ ಒಂದು ಕಾಲದಲ್ಲಿ ಹಡಗು ತುಂಬ ಬಟ್ಟೆ ಹೋಗ್ತಿತ್ತು ಅಂತ ಗೊತ್ತಿತ್ತಾ? 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಸಂಘ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆಯಿತು. ಘಟ್ಟದ ಮೇಲೆ ಹುಬ್ಬಳ್ಳಿ ಕಡೆ ನೇಯ್ದ ಮಸ್ಲಿನ್ ಇಲ್ಲಿಗೆ ಇಳಿದು, ಕಾಳುಮೆಣಸು, ಏಲಕ್ಕಿ ಜೊತೆ ಹಡಗು ಹತ್ತುತ್ತಿತ್ತು. ಆಗ ಜಗತ್ತಿನ ಎಲ್ಲಾ ಹೊಲಿಗೆಯೂ ಕೈಹೊಲಿಗೆ. ಮಿಷನ್ ಬರೋಕೆ ಇನ್ನೂ ಎರಡು ಶತಮಾನ ಬೇಕಿತ್ತು. ಅದು ಬಂದಾಗ ಜೊತೆಗೆ ಇನ್ನೊಂದು ಬಂತು: ತಿಂಗಳ ಕಂತು.

ಈಗ ಯಾಕೆ ಈ ಕಥೆ ಅಂದ್ರೆ, ನಮ್ಮ ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತೀನಿ, ಹೋದ ವರ್ಷ ಕಂತಿನಲ್ಲಿ ಒಂದು ಮಿಷನ್ ತಗೊಂಡ್ಳು. ಇಪ್ಪತ್ತು ತರದ ಹೊಲಿಗೆ ಹಾಕತ್ತೆ ಅದು. ಅಕ್ಕ ಇವತ್ತಿನವರೆಗೆ ಬಳಸಿದ್ದು ಒಂದೇ, ನೇರ ಹೊಲಿಗೆ. ಕಂತು ಮಾತ್ರ ಇಪ್ಪತ್ತಕ್ಕೂ ಕಟ್ತಾ ಇದಾಳೆ.

ಭಾಗ 2: ಮಿಷನ್ ಮಾಡೋದು ಸುಲಭ, ಮಾರೋದು ಕಷ್ಟ

ಫ್ರಾನ್ಸಿನ ದರ್ಜಿ ಥಿಮೋನಿಯೇ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ತಗೊಂಡ. ಹೊಟ್ಟೆಪಾಡು ಹೋಗತ್ತೆ ಅಂತ ಹೆದರಿದ ಪ್ಯಾರಿಸ್ ದರ್ಜಿಗಳು ಅವನ ಯಂತ್ರಗಳನ್ನ ಒಡೆದು ಹಾಕಿದ್ರು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್‌ಗೆ ಪೇಟೆಂಟ್ ಸಿಕ್ತು. ಸೂಜಿಯ ತುದಿಯಲ್ಲೇ ಕಣ್ಣು, ಮೇಲಿಂದ ಒಂದು ದಾರ, ಕೆಳಗೆ ಶಟಲ್‌ನಿಂದ ಇನ್ನೊಂದು ದಾರ, ಎರಡೂ ಬಟ್ಟೆಯ ನಡುವೆ ಗಂಟು ಬೀಳೋದು. ಇವತ್ತು ನಿಮ್ಮ ಮನೆ ಮಿಷನ್ ಮಾಡೋದೂ ಇದನ್ನೇ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಮಾದರಿಗೆ ಪೇಟೆಂಟ್ ಪಡೆದ.

ಆದ್ರೆ ಬೆಲೆ? ಸುಮಾರು 125 ಡಾಲರ್. ಆಗ ಅಮೆರಿಕದ ಸಾಮಾನ್ಯ ಕುಟುಂಬದ ಇಡೀ ವರ್ಷದ ಆದಾಯ ಸುಮಾರು 500 ಡಾಲರ್. ಅಂದ್ರೆ ಮೂರು ತಿಂಗಳ ದುಡಿಮೆ ಒಂದು ಮಿಷನ್‌ಗೆ! ಯಾರು ಕೊಡ್ತಾರೆ?

ಇದಕ್ಕೆ ದಾರಿ ಹುಡುಕಿದ್ದು ಎಂಜಿನಿಯರ್ ಅಲ್ಲ, ವಕೀಲ. ಸಿಂಗರ್‌ನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಹೊಸ ಯೋಜನೆ ತಂದ. ಮೊದಲು ಸ್ವಲ್ಪ ಕೊಡಿ, ಮಿಷನ್ ಮನೆಗೆ ಒಯ್ಯಿರಿ, ಉಳಿದಿದ್ದು ತಿಂಗಳು ತಿಂಗಳು ಕಟ್ಟಿ. ಬಿಕಾಂನವರೇ, ನಾವು ಕಾಲಂ ಎಳೆದು ಎಳೆದು ಸುಸ್ತಾಗೋ ಹೈರ್ ಪರ್ಚೇಸ್ ಲೆಕ್ಕ ಇದೇ. ಕೊನೆ ಕಂತು ಕಟ್ಟೋವರೆಗೆ ಮಾಲು ಮಾರಿದವನದ್ದು, ಬಳಕೆ ಮಾತ್ರ ನಮ್ಮದು. ಮನೆಮನೆಗೆ ಕಂತಿನ ವ್ಯಾಪಾರವನ್ನ ದೊಡ್ಡ ಮಟ್ಟದಲ್ಲಿ ಕೊಂಡೊಯ್ದಿದ್ದೇ ಹೊಲಿಗೆ ಮಿಷನ್.

ಭಾಗ 3: ನಮ್ಮ ಕಡೆಗೆ

ನಮ್ಮ ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಕಂಪನಿ ಭಾರತದಲ್ಲಿ ವ್ಯಾಪಾರ ಬೆಳೆಸಿದಾಗ ಅದನ್ನ ನಡೆಸಿದ್ದು ಎನ್. ಎಂ. ಪಟೇಲ್ ಅನ್ನೋ ಪಾರ್ಸಿ. ಇಲ್ಲೂ ಕಂತಿನ ವ್ಯವಸ್ಥೆಯೇ. ದರ್ಜಿಗಳು ದುಡೀತಾ ದುಡೀತಾ ಮಿಷನ್ ಸಾಲ ತೀರಿಸಿದ್ರು.

ಗಾಂಧೀಜಿ ಯಂತ್ರ ವಿರೋಧಿ ಅಂತ ಪರೀಕ್ಷೆಯಲ್ಲಿ ಬರೀತೀವಲ್ಲ? 1924ರಲ್ಲಿ ಅವರೇ ಒಂದು ವಿನಾಯಿತಿ ಕೊಟ್ಟಿದ್ರು. ಅದು ಸಿಂಗರ್ ಹೊಲಿಗೆ ಯಂತ್ರಕ್ಕೆ. ಅದು ಮನುಷ್ಯನ ಕೈಯ ಕೆಲಸ ಕಸಿಯೋದಿಲ್ಲ, ಕಷ್ಟ ಕಮ್ಮಿ ಮಾಡತ್ತೆ ಅನ್ನೋದು ಅವರ ವಾದ.

1930ರ ದಶಕದಲ್ಲಿ ಕಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಿಂದ ಉಷಾ ಬಂತು. ಆಮೇಲೆ ಲುಧಿಯಾನದಲ್ಲಿ ಮಿಷನ್ನೂ ಬಿಡಿಭಾಗವೂ ತಯಾರಾಗೋ ದೊಡ್ಡ ಪೇಟೆಯೇ ಬೆಳೀತು. ಅದರ ಲಾಭ ನಮಗೆ ಇವತ್ತೂ ಇದೆ. ಅಜ್ಜಿಯ ಮನೆಯ ಆ ಕಪ್ಪು ಮಿಷನ್ನಿನ ಸೂಜಿ, ಬಾಬಿನ್, ಬೆಲ್ಟ್ ಸಣ್ಣ ಪೇಟೆಯಲ್ಲೂ ಸಿಗತ್ತೆ, ರಿಪೇರಿ ಗೊತ್ತಿರೋರೂ ಸಿಗ್ತಾರೆ.

ಭಾಗ 4: ಹಾಗಾದ್ರೆ ಯಾವುದು ತಗೊಳ್ಳೋದು?

ಕಲಿಯೋರಿಗೆ ನನ್ನ ಉತ್ತರ: ನೇರ ಹೊಲಿಗೆಯ ಕಪ್ಪು ಮಿಷನ್, ಕಾಲಲ್ಲಿ ತುಳಿಯೋದು. ಸ್ಟ್ಯಾಂಡ್, ಹಲಗೆ ಸೇರಿ ಸುಮಾರು 7–9 ಸಾವಿರದೊಳಗೆ ಸಿಗತ್ತೆ. ಬ್ಲೌಸ್, ನೈಟಿ, ಲಂಗ, ದಿಂಬಿನ ಕವರ್, ಎಲ್ಲಾ ಆಗತ್ತೆ. ಕರೆಂಟ್ ಹೋದ್ರೂ ನಿಲ್ಲಲ್ಲ. ಮಳೆಗಾಲದ ಕಾರವಾರದಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಬೇಕಾದ್ರೆ ಮೋಟರ್ ಹಾಕಿಸ್ಕೊಳ್ಳಬಹುದು. ಜಿಗ್‌ಜಾಗ್ ಮಿಷನ್ 10 ಸಾವಿರದ ಮೇಲೆ. ಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿಯೋ ಕೆಲಸ ದಿನಾ ಇದ್ರೆ ಮಾತ್ರ ಅದಕ್ಕೆ ದುಡ್ಡು ಹಾಕಿ.

ಅಂಗಡಿಗೆ ಹೋಗುವಾಗ ಎರಡು ತುಂಡು ಬಟ್ಟೆ ಚೀಲದಲ್ಲಿರಲಿ. ಒಂದು ತೆಳು ಕಾಟನ್, ಇನ್ನೊಂದು ಹಳೇ ಜೀನ್ಸ್.
– ಮೊದಲು ಗಾಲಿಯನ್ನ ಕೈಯಲ್ಲೇ ನಿಧಾನ ತಿರುಗಿಸಿ. ಎಲ್ಲೂ ಸಿಕ್ಕಬಾರದು, ಕಟಕಟ ಅನ್ನಬಾರದು.
– ಎರಡೂ ಬಟ್ಟೆ ಮಡಚಿ ಹೊಲೀರಿ. ಮೇಲೆ, ಕೆಳಗೆ ಹೊಲಿಗೆ ಒಂದೇ ತರ ಕಾಣಬೇಕು. ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ಬಂದ್ರೆ ಮೇಲಿನ ದಾರದ ಬಿಗಿ ಸರಿ ಮಾಡ್ಸಿ, ಮತ್ತೆ ನೋಡಿ.
– ಹಿಂದಕ್ಕೆ ಹೊಲಿಯತ್ತಾ ಅಂತ ಕೇಳಿ ಬಿಡಬೇಡಿ, ಹೊಲಿಸಿ ನೋಡಿ.
– ಸೂಜಿ: ತೆಳು ಬಟ್ಟೆಗೆ 11, ಕಾಟನ್‌ಗೆ 14, ದಪ್ಪಕ್ಕೆ 16.

ಸೆಕೆಂಡ್ ಹ್ಯಾಂಡ್ ಅಂದ್ರೆ ಮೂಗು ಮುರೀಬೇಡಿ. ಚೆನ್ನಾಗಿ ಎಣ್ಣೆ ಕಂಡ ಹಳೇ ಮಿಷನ್ ಎಷ್ಟೋ ಹೊಸದಕ್ಕಿಂತ ಮೇಲು. ನಮ್ಮದು ಉಪ್ಪುಗಾಳಿ ಊರು, ಕೆಳಗೆ ಬಗ್ಗಿ ತುಕ್ಕು ನೋಡೋದು ಮರೀಬೇಡಿ. ತಂದ ಮೇಲೆ ಪ್ಲಾಸ್ಟಿಕ್ ಮುಚ್ಚಬೇಡಿ, ಒಳಗೆ ಬೆವರತ್ತೆ. ಹಳೇ ಹತ್ತಿ ಸೀರೆ ಸಾಕು.

ಭಾಗ 5: ಕಂತಿನ ಲೆಕ್ಕ

ಈಗ ಅಸಲು ವಿಷಯ. ಒಂದು ಉದಾಹರಣೆ ಹಾಕೋಣ. ಮಿಷನ್ ನಗದು ಬೆಲೆ 9,000. ಮೊದಲು 1,000 ಕೊಡ್ತೀರಿ, ಆಮೇಲೆ ತಿಂಗಳಿಗೆ 800ರಂತೆ 12 ಕಂತು. ಒಟ್ಟು 10,600. ಹೆಚ್ಚಿಗೆ ಹೋಗಿದ್ದು 1,600. ಸಾಲ 8,000, ಬಡ್ಡಿ 1,600, ಅಂದ್ರೆ 20% ಅಂತ ಅಂಗಡಿಯವರು ಹೇಳ್ತಾರೆ. ಆದ್ರೆ ನೀವು ತಿಂಗಳು ತಿಂಗಳು ಸಾಲ ತೀರಿಸ್ತಾ ಬಂದಿದೀರಲ್ಲ! ಇಡೀ ವರ್ಷ 8,000 ನಿಮ್ಮ ಕೈಯಲ್ಲಿ ಇರಲೇ ಇಲ್ಲ. ಉಳಿಯೋ ಬಾಕಿಯ ಮೇಲೆ ಲೆಕ್ಕ ಹಾಕಿದ್ರೆ ಬಡ್ಡಿ ವರ್ಷಕ್ಕೆ ಸುಮಾರು 35%. ಕ್ಲಾರ್ಕ್‌ನ ಬುದ್ಧಿ ಅರ್ಥ ಆಯ್ತಾ?

ಕಂತು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಅದಿಲ್ಲದಿದ್ರೆ ಎಷ್ಟೋ ದರ್ಜಿಗಳಿಗೆ ಮಿಷನ್ನೇ ಸಿಗ್ತಿರಲಿಲ್ಲ. ಆದ್ರೆ "ತಿಂಗಳಿಗೆ ಎಷ್ಟು?" ಅಂತ ಕೇಳೋ ಮೊದಲು "ಒಟ್ಟು ಎಷ್ಟು?" ಅಂತ ಕೇಳಿ. ಗೃಹಲಕ್ಷ್ಮಿಯ 2,000 ಐದು ತಿಂಗಳು ಕೂಡಿಟ್ರೆ ನಗದಲ್ಲೇ ಬರತ್ತೆ. ಅಮ್ಮ ಅಥವಾ ಅಕ್ಕ ಆಗಲೇ ಟೈಲರಿಂಗ್ ಮಾಡ್ತಿದ್ರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000ದವರೆಗೆ ಇ-ವೋಚರ್, ಮೊದಲ ಹಂತದಲ್ಲಿ 5% ಬಡ್ಡಿಗೆ 1 ಲಕ್ಷದವರೆಗೆ ಸಾಲ. ಒಂದು ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ. 35 ಎಲ್ಲಿ, 5 ಎಲ್ಲಿ!

ಅಕ್ಕಂಗೆ ಈ ಲೆಕ್ಕ ತೋರ್ಸಿದೆ. ಸುಮ್ಮನೆ ನೋಡಿ, "ಹೋದ ವರ್ಷ ಎಲ್ಲಿದ್ಯೋ ನೀನು?" ಅಂದ್ಳು. ಈ ಪೋಸ್ಟ್ ಅದಕ್ಕೇ. ನಿಮ್ಮ ಮನೆಯಲ್ಲಿ ಯಾರಾದ್ರೂ ಮಿಷನ್ ತಗೊಳ್ಳೋ ಯೋಚನೆಯಲ್ಲಿದ್ರೆ, ಅವರು ಅಂಗಡಿಗೆ ಹೋಗೋ ಮೊದಲು ಇದನ್ನ ಕಳ್ಸಿ.

#ಕೋಡಿಬಾಗ #ಕಾರವಾರ #ಹೊಲಿಗೆಮಿಷನ್ #ಬಿಕಾಂಇತಿಹಾಸ