ಇಕ್ಕೇರಿ ವರಹದ ಸಾಕ್ಷ್ಯ: ಕೆಳದಿ ಸಂಸ್ಥಾನದ ಹೆಸರುಗಳ ಮರುಪರಿಶೀಲನೆ

ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ಹೆಸರುಗಳನ್ನು ರಾಜಧಾನಿ ಬದಲಾದ ಕ್ರಮದಲ್ಲಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ಕಾಲಘಟ್ಟವನ್ನು ಹಂಚಿಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಹಂಚಿಕೆಗೆ ಒಗ್ಗದ ಸಾಕ್ಷ್ಯವೆಂದರೆ ಇಕ್ಕೇರಿ ವರಹ. ಬಿಜಾಪುರದ ಸೇನೆ 1637ರಲ್ಲಿ ಇಕ್ಕೇರಿಯನ್ನು ಹಾಳುಗೆಡವಿದ ಬಳಿಕ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಒಯ್ದ. ಟಂಕಸಾಲೆಯೂ ಅಲ್ಲಿಗೆ ಹೋಯಿತು. ವರಹ ಮಾತ್ರ ಇಕ್ಕೇರಿಯದಾಗಿಯೇ ಉಳಿಯಿತು. ಈ ತೊಡಕನ್ನು ಬ್ರಿಟಿಷರ ಗೆಜೆಟಿಯರುಗಳು ಒಂದೇ ಮಾತಿನಲ್ಲಿ ಬಗೆಹರಿಸಿದವು: ಇಕ್ಕೇರಿ ಆಮೇಲೂ ನಾಮಮಾತ್ರದ ರಾಜಧಾನಿಯಾಗಿತ್ತಂತೆ, ಅರಸರಿಗೂ ನಾಣ್ಯಕ್ಕೂ ಅದೇ ಹೆಸರಂತೆ. ಮುಂದೆ ಬಂದ ಅನೇಕರು ನಾಣ್ಯವನ್ನು ತಿರುಗಿಸಿ ನೋಡುವ ಗೋಜಿಗೂ ಹೋಗದೆ ಇದನ್ನೇ ನಕಲು ಮಾಡಿದರು.

ನೋಡಿದ್ದರೆ ಸಂಶಯ ಅಲ್ಲೇ ಹುಟ್ಟುತ್ತಿತ್ತು. ವರಹದ ಒಂದು ಮುಖದಲ್ಲಿ ಕುಳಿತ ಉಮಾಮಹೇಶ್ವರರಿದ್ದಾರೆ. ಇದು ವಿಜಯನಗರದಿಂದ ಬಂದ ಅಚ್ಚು. ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. (ಇದು ದೇವರ ಹೆಸರೋ ಸದಾಶಿವ ನಾಯಕನದೋ ಎಂಬ ಜಗಳ ಬೇರೆಯೇ ಇದೆ. ಯಾರು ಗೆದ್ದರೂ ಅದು ಊರಿನ ಹೆಸರಾಗುವುದಿಲ್ಲ.) ಇಕ್ಕೇರಿಯ ಸುಳಿವೇ ಅಲ್ಲಿಲ್ಲ. ಅಂದಮೇಲೆ ಆ ಹೆಸರನ್ನು ನಾಣ್ಯಕ್ಕೆ ಅಂಟಿಸಿದ್ದು ಅದನ್ನು ಅಚ್ಚು ಹಾಕಿದವರಲ್ಲ, ಎಣಿಸಿ ಕೊಟ್ಟು ತೆಗೆದುಕೊಂಡವರು ಎಂದು ಊಹಿಸುವುದೇ ನ್ಯಾಯ.

ಅರಮನೆಯೇ ಹಾಗೆ ಕರೆದಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ಅರಮನೆ ಇಲ್ಲದ ಕಾಲವನ್ನು ನೋಡಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರನಗರವೆಂದು ಹೆಸರಿಟ್ಟ. ಇಂದಿನ ನಗರ ಅದರ ಉಳಿಕೆ. ಊರಿನ ಹೆಸರು ಬದಲಿಸಿದವನು ನಾಣ್ಯದ ಶಿವಪಾರ್ವತಿಯರನ್ನು ಮುಟ್ಟಲಿಲ್ಲ. ಹಿಂಬದಿಯಲ್ಲಷ್ಟೇ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಆ ದಂಪತಿಗಳೇ ಇದ್ದಾರೆ. ಜನ ನಂಬಿದ ಅಚ್ಚನ್ನು ಕೆಡಿಸಲು ಈ ಇಬ್ಬರೂ ಮುಂದಾಗಲಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಬರಹದಲ್ಲಿ ಇಕ್ಕೇರಿ ವರಹ ಇನ್ನೂ ಲೆಕ್ಕದ ಮಾನವಾಗಿದೆ. ಆ ಹೊತ್ತಿಗೆ ಇಕ್ಕೇರಿಯ ಅರಸರೂ ಇರಲಿಲ್ಲ, ನಾಮಮಾತ್ರಕ್ಕಾದರೂ ರಾಜಧಾನಿ ಇರಲಿಲ್ಲ.

ಇನ್ನು ಅರಸುಮನೆತನ ತನ್ನನ್ನು ಏನೆಂದು ಕರೆದುಕೊಂಡಿತು? ಬಿದನೂರಿನಿಂದ ಹೊರಟ ದಾನಶಾಸನಗಳಲ್ಲೂ ಅವರು ಕೆಳದಿ ಸದಾಶಿವರಾಯ ನಾಯಕರ ವಂಶದವರು. ಶಾಮಾಶಾಸ್ತ್ರಿಗಳು 1921ರಷ್ಟು ಹಿಂದೆಯೇ ಅಚ್ಚು ಹಾಕಿಸಿ ಕೈಗಿತ್ತ ಲಿಂಗಣ್ಣ ಕವಿಯ ಕೃತಿಯ ಹೆಸರೇ ‘ಕೆಳದಿನೃಪವಿಜಯ’. ರಾಜಧಾನಿ ಬಿದನೂರಿಗೆ ಹೋಗಿ ಶತಮಾನ ಕಳೆದರೂ ಕವಿಗೆ ಅವರು ಕೆಳದಿಯ ನೃಪರೇ. ಗೆಜೆಟಿಯರುಗಳನ್ನು ಸಾಲುಸಾಲಾಗಿ ಉದ್ಧರಿಸುವವರು ಈ ಗ್ರಂಥದ ಹೆಸರನ್ನು ಆಕರಸೂಚಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಅರಸರನ್ನೂ ಇಕ್ಕೇರಿಯವರೆಂದು ಕರೆದದ್ದುಂಟು, ಅದನ್ನು ಒಪ್ಪಬೇಕು. ಆದರೆ ಅದು ಹೊರಗಿನವರ ಮಾತು. ಸ್ವಾಮಿನಾಥನ್ ಅವರ 1957ರ ಪುಸ್ತಕ ಇಕ್ಕೇರಿಯ ನಾಯಕರದು, ಚಿಟ್ನಿಸರ 1974ರದು ಕೆಳದಿಯ ರಾಜ್ಯವ್ಯವಸ್ಥೆಯದು. ರಾಜ್ಯ ಒಂದೇ. ಇಬ್ಬರೂ ನಾನು ಗೌರವಿಸುವ ವಿದ್ವಾಂಸರು. ಅವರ ಶೀರ್ಷಿಕೆಗಳನ್ನು ಎರಡು ಯುಗಗಳೆಂದು ಓದಿದ ತಪ್ಪು ನಂತರದವರದು.

ಆದ್ದರಿಂದ ಈ ಹೆಸರುಗಳು ಒಂದಾದ ಮೇಲೊಂದು ಬಂದು ಹೋದವಲ್ಲ. ವಂಶಕ್ಕೆ ಕೆಳದಿ, ಚಿನಿವಾರಕಟ್ಟೆಗೆ ಇಕ್ಕೇರಿ, ದಂಡಿಗೂ ದರ್ಬಾರಿಗೂ ಬಿದನೂರು ಎಂದು ಮೂರೂ ಏಕಕಾಲಕ್ಕೆ ಬಳಕೆಯಲ್ಲಿದ್ದವು. ತೇದಿಯಿಲ್ಲದ ಕಡತವೊಂದರಲ್ಲಿ ಇಕ್ಕೇರಿ ವರಹದ ಲೆಕ್ಕ ಕಂಡಕೂಡಲೇ ಅದನ್ನು 1637ಕ್ಕಿಂತ ಹಿಂದಕ್ಕೆ ತಳ್ಳುವುದನ್ನು ಇನ್ನಾದರೂ ನಿಲ್ಲಿಸಬೇಕು. ಆ ಕಡತದ ಕಾಲವನ್ನು ಲಿಪಿಯಿಂದಲೋ ಅದರಲ್ಲಿ ಬರುವ ವ್ಯಕ್ತಿಗಳಿಂದಲೋ ನಿರ್ಣಯಿಸಬೇಕೇ ಹೊರತು ವರಹದ ಹೆಸರಿನಿಂದಲ್ಲ.