ಬೆಳ್ಳಿತೆರೆಯ ಸುಳ್ಳು, ಬೆಟ್ಟದ ಮೇಲಿನ ಬೆಂಕಿ

ಚರಿತ್ರೆಯನ್ನು ಪಠ್ಯಪುಸ್ತಕದಿಂದ ಕಲಿತವರಿಗಿಂತ ಸಿನಿಮಾದಿಂದ ಕಲಿತವರೇ ಹೆಚ್ಚೇನೋ ಎಂದು ನನಗೆ ಅನೇಕ ವೇಳೆ ಅನ್ನಿಸಿದೆ. ತರಗತಿಯಲ್ಲಿ ವಾರಗಟ್ಟಲೆ ಬೋಧಿಸಿದ್ದನ್ನು ಮೂರು ಗಂಟೆಯ ಚಿತ್ರವೊಂದು ಅಳಿಸಿಹಾಕಬಲ್ಲದು. 1915ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಿಚಿತ್ರವೇ ಇದಕ್ಕೆ ನಿದರ್ಶನ.

ಥಾಮಸ್ ಡಿಕ್ಸನ್ ಬರೆದ ಕಾದಂಬರಿಯನ್ನು ಆಧರಿಸಿ ಡಿ. ಡಬ್ಲ್ಯೂ. ಗ್ರಿಫಿತ್ ಇದನ್ನು ನಿರ್ದೇಶಿಸಿದರು. ಕಥೆ ನಡೆಯುವುದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮತ್ತು ಅದರ ನಂತರದ ವರ್ಷಗಳಲ್ಲಿ. 1865ರಲ್ಲಿ ಗುಲಾಮಗಿರಿ ರದ್ದಾಯಿತು. 1870ರಲ್ಲಿ ಸಂವಿಧಾನದ 15ನೆಯ ತಿದ್ದುಪಡಿಯು ವರ್ಣದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಕೂಡದೆಂದು ವಿಧಿಸಿತು. ಅದೇ ವರ್ಷ ಧರ್ಮೋಪದೇಶಕರಾಗಿದ್ದ ಹೈರಮ್ ರೆವೆಲ್ಸ್ ಅಮೆರಿಕದ ಸೆನೆಟ್ಟನ್ನು ಪ್ರವೇಶಿಸಿದ ಮೊದಲ ಕಪ್ಪುವರ್ಣೀಯರಾದರು. ಇದು ದಾಖಲೆಯಲ್ಲಿರುವ ಚರಿತ್ರೆ.

ಗ್ರಿಫಿತ್ ತೋರಿಸಿದ್ದೇ ಬೇರೆ. ಅವರ ಚಿತ್ರದ ಕಪ್ಪುವರ್ಣೀಯ ಶಾಸಕರು ಸಭೆಯಲ್ಲೇ ಮದ್ಯ ಕುಡಿಯುತ್ತಾರೆ, ಬರಿಗಾಲನ್ನು ಮೇಜಿನ ಮೇಲೆ ಚಾಚುತ್ತಾರೆ. ಮುಖ್ಯವಾದ ಕಪ್ಪುವರ್ಣೀಯ ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರೇ ಅಭಿನಯಿಸಿದರು. ಸ್ವತಂತ್ರರಾದವರನ್ನು ಮತಗಟ್ಟೆಯಿಂದ ದೂರವಿಡಲು ಥಳಿಸಿ, ಕೊಂದ ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿ ಗುಂಪು ಇಲ್ಲಿ ಸ್ತ್ರೀಯರ ಮಾನ ಕಾಯುವ ಅಶ್ವಾರೋಹಿ ವೀರರ ಪಡೆಯಾಯಿತು!

ಚಿತ್ರ ಕಳಪೆಯಾಗಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ಸಮೀಪದ ದೃಶ್ಯಗಳು, ಎರಡು ಕಡೆಯ ಘಟನೆಗಳನ್ನು ಹೆಣೆಯುವ ಸಂಕಲನ, ಯುದ್ಧದ ವೈಭವ, ಇವೆಲ್ಲ ಪ್ರೇಕ್ಷಕರನ್ನು ಬೆರಗುಗೊಳಿಸಿದವು. ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಶ್ವೇತಭವನದಲ್ಲೇ ಅದರ ಪ್ರದರ್ಶನ ನಡೆಯಿತು. ಎನ್‌ಎಎಸಿಪಿ ಸಂಸ್ಥೆ ಪ್ರತಿಭಟಿಸಿತು. ಬಾಸ್ಟನ್ನಿನಲ್ಲಿ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಬೀದಿಗಿಳಿದರು. ಆದರೂ ಚಿತ್ರಮಂದಿರಗಳು ತುಂಬಿ ತುಳುಕಿದವು.

ಮೂಲ ಕ್ಲಾನ್ 1870ರ ದಶಕದಲ್ಲೇ ಸರ್ಕಾರದ ಕಠಿಣ ಕ್ರಮಗಳಿಂದ ಅಡಗಿಹೋಗಿತ್ತು. 1915ರ ನವೆಂಬರಿನಲ್ಲಿ ವಿಲಿಯಂ ಸಿಮನ್ಸ್ ಎಂಬಾತ ಅಟ್ಲಾಂಟಾ ಸಮೀಪದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಶಿಲುಬೆಗೆ ಬೆಂಕಿಯಿಟ್ಟು ಅದಕ್ಕೆ ಮರುಜೀವ ಕೊಟ್ಟ. ಶಿಲುಬೆ ಸುಡುವ ಪದ್ಧತಿ ಹಳೆಯ ಕ್ಲಾನಿನಲ್ಲಿ ಇರಲೇ ಇಲ್ಲ. ಅದು ಡಿಕ್ಸನ್ ಕಾದಂಬರಿಯಲ್ಲಿ ಕಲ್ಪಿಸಿ, ಗ್ರಿಫಿತ್ ತೆರೆಯ ಮೇಲೆ ತೋರಿಸಿದ್ದು. ಕಟ್ಟುಕಥೆಯೇ ಆಚರಣೆಯಾಯಿತು. 1920ರ ದಶಕದಲ್ಲಿ ಈ ಹೊಸ ಕ್ಲಾನಿನ ಸದಸ್ಯರ ಸಂಖ್ಯೆ ಹಲವು ಲಕ್ಷಗಳನ್ನು ದಾಟಿತು. ಕಪ್ಪುವರ್ಣೀಯರ ಜೊತೆಗೆ ಯಹೂದಿಗಳು, ಕ್ಯಾಥೊಲಿಕ್ಕರು, ವಲಸಿಗರು ಸಹ ಅದರ ದ್ವೇಷಕ್ಕೆ ಗುರಿಯಾದರು.

ಸಿನಿಮಾದಿಂದಲೇ ಇದಕ್ಕೆ ಉತ್ತರವೂ ಬಂತು. ಕಪ್ಪುವರ್ಣೀಯ ನಿರ್ದೇಶಕ ಆಸ್ಕರ್ ಮಿಶೋ 1920ರಲ್ಲಿ ‘ವಿದಿನ್ ಅವರ್ ಗೇಟ್ಸ್’ ಚಿತ್ರದಲ್ಲಿ, ಸುಳ್ಳು ಆಪಾದನೆಗೆ ಗುರಿಯಾದ ಕಪ್ಪು ದಂಪತಿಗಳನ್ನು ಬಿಳಿಯರ ಗುಂಪು ನೇಣಿಗೇರಿಸುವುದನ್ನು ತೋರಿಸಿದರು. ಗಲಭೆಯ ಭಯದಿಂದ ಷಿಕಾಗೋದಲ್ಲಿ ಅದರ ಪ್ರದರ್ಶನಕ್ಕೇ ಅಡ್ಡಿಗಳು ಬಂದವು. ಸುಳ್ಳಿಗೆ ಶ್ವೇತಭವನದ ಬಾಗಿಲು ತೆರೆದಿತ್ತು, ಸತ್ಯಕ್ಕೆ ಚಿತ್ರಮಂದಿರದ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. ಎಷ್ಟೋ ದಶಕ ಕಳೆದುಹೋಗಿದ್ದ ಆ ಚಿತ್ರದ ಪ್ರತಿಯೊಂದು ಕೊನೆಗೆ ದೊರೆತದ್ದು ದೂರದ ಸ್ಪೇನಿನಲ್ಲಿ.

2018ರಲ್ಲಿ ಸ್ಪೈಕ್ ಲೀ ತಮ್ಮ ‘ಬ್ಲ್ಯಾಕ್‌ಕ್ಲಾನ್ಸ್‌ಮನ್’ ಚಿತ್ರದಲ್ಲಿ, ಕ್ಲಾನಿನವರು ಗ್ರಿಫಿತ್‌ರ ಚಿತ್ರವನ್ನು ನೋಡಿ ಕೇಕೆ ಹಾಕುವುದನ್ನು ತೋರಿಸಿ, 2017ರ ಷಾರ್ಲಟ್ಸ್‌ವಿಲ್ ಹಿಂಸಾಚಾರದ ನೈಜ ದೃಶ್ಯಗಳೊಂದಿಗೆ ಕಥೆ ಮುಗಿಸಿದರು. ನೂರು ವರ್ಷ ಕಳೆದರೂ ಆ ಪಾಠ ಮುಗಿದಿರಲಿಲ್ಲವೆಂದೇ ಅದರ ಅರ್ಥ.

ಆದ್ದರಿಂದ ನನ್ನ ಶಿಷ್ಯರಿಗೆ ಹೇಳುವುದಿಷ್ಟೆ. ಚರಿತ್ರೆಯ ಹೆಸರಿನ ಯಾವ ಚಿತ್ರವನ್ನೇ ನೋಡಿ, ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇದು ಯಾರಿಗಾಗಿ ನನ್ನ ಕಣ್ಣಲ್ಲಿ ನೀರು ತರಿಸುತ್ತಿದೆ? ಯಾರನ್ನು ಕಂಡರೆ ಹೆದರುವಂತೆ ಮಾಡುತ್ತಿದೆ? ಚಿತ್ರ ಚೆನ್ನಾಗಿದ್ದಾಗಲಂತೂ ತಪ್ಪದೆ ಕೇಳಿಕೊಳ್ಳಿ.