ನಲವತ್ತು ಪುಟದ ಪಿಎಚ್‌ಡಿ

ಪಿಎಚ್‌ಡಿ ಮುಗಿಸೋದು ಹೇಗೆ, ಲೀಡರ್ ಆಗೋದು ಹೇಗೆ ಅಂತ ಹೇಳಿಕೊಡೋ ಕೋಚ್‌ಗಳಿಗೆ ಈಗ ಬೆಂಗಳೂರಲ್ಲಿ ಬರವಿಲ್ಲ. ಅವರ ಸ್ಲೈಡು ನೋಡುವಾಗೆಲ್ಲ ನನಗೆ ನೆನಪಾಗೋದು, 1933ರಲ್ಲಿ ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಬಂದ ಕಮಲಾ ಭಾಗವತ್. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು.

ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ. ಅವರಪ್ಪ ಓದಿದ್ದೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ. ಆದರೂ ನಿರ್ದೇಶಕ ಸಿ.ವಿ. ರಾಮನ್, ಹೆಣ್ಣು ಅನ್ನೋ ಕಾರಣಕ್ಕೆ ಸೀಟಿಲ್ಲ ಅಂದುಬಿಟ್ಟರು. ಆಕೆ ಗಂಟುಮೂಟೆ ಕಟ್ಟಲಿಲ್ಲ, ಸತ್ಯಾಗ್ರಹದ ದಾರಿ ಹಿಡಿದರು. ಕೊನೆಗೆ ರಾಮನ್ ಒಪ್ಪಿದ್ದು ಷರತ್ತಿನ ಮೇಲೆ: ಒಂದು ವರ್ಷ ಪ್ರೊಬೇಷನ್, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಗಂಡಸರ ಏಕಾಗ್ರತೆಗೆ ಭಂಗ ತರಬಾರದು. ಕೊನೆಯದನ್ನು ಓದಿದಾಗ ನಗು ಬರುತ್ತೆ, ಆಮೇಲೆ ಸಿಟ್ಟೂ ಬರುತ್ತೆ.

ಒಳಗೆ ಸಿಕ್ಕಿದ ಗೈಡ್ ಶ್ರೀನಿವಾಸಯ್ಯ. ಬಲು ಕಟ್ಟುನಿಟ್ಟಿನ ಮೇಷ್ಟ್ರು. ಆದರೆ ಓದೋ ಹುಚ್ಚು ಹಿಡಿಸಿದವರು, ದೊಡ್ಡ ವಿಜ್ಞಾನಿಗಳಿಗೆ ಪತ್ರ ಬರೆಯೋ ಧೈರ್ಯ ಕೊಟ್ಟವರು. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ನಡೀತು. ವರ್ಷ ಕಳೆಯೋದರೊಳಗೆ ರಾಮನ್‌ಗೂ ಸಮಾಧಾನವಾಗಿ, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಅದೇ ಸಂಸ್ಥೆ, ಅದೇ ಹುಡುಗಿ. ಒಬ್ಬರು ಯೋಗ್ಯತೆ ಸಾಬೀತು ಮಾಡು ಅಂದರು, ಇನ್ನೊಬ್ಬರು ಕೂರಿಸಿಕೊಂಡು ಕೆಲಸ ಕಲಿಸಿದರು. ಕೋಚಿಂಗ್ ಅಂದರೆ ಎರಡನೆಯದು ತಾನೇ?

ಅಲ್ಲಿಂದ ಕೇಂಬ್ರಿಜ್. ಮೊದಲು ಡೆರೆಕ್ ರಿಕ್ಟರ್ ಲ್ಯಾಬಿನಲ್ಲಿ ಜಾಗ ಕೊಟ್ಟರು. ಅವರು ಬೇರೆ ಕಡೆ ಹೋದಾಗ ರಾಬಿನ್ ಹಿಲ್ ಜೊತೆ ಗಿಡಗಳ ಮೇಲೆ ಕೆಲಸ. ಗೈಡ್ ಬದಲಾದರೆ ನಮ್ಮಲ್ಲಿ ಎಷ್ಟೋ ಜನರ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತೆ. ಕಮಲಾ ಆಲೂಗಡ್ಡೆಯಿಂದ ಶುರುಮಾಡಿ, ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳ ಜೀವಕೋಶಗಳಲ್ಲೂ ಇದೆ ಅಂತ ತೋರಿಸಿದರು. ಹದಿನಾಲ್ಕು ತಿಂಗಳು, ಬರೀ ನಲವತ್ತು ಪುಟದ ಪ್ರಬಂಧ. ಒಂದೇ ಪ್ರಶ್ನೆ ಹಿಡಿದಿದ್ದರು, ಉತ್ತರ ಸಿಕ್ಕಿತು, ಬರೆದು ಮುಗಿಸಿದರು. ಸ್ಕೋಪ್ ಹಿಗ್ಗಿಸಿ ಹಿಗ್ಗಿಸಿ ಪ್ರಾಜೆಕ್ಟು ಮುಳುಗಿಸೋ ನಮ್ಮ ಕಸುಬಿನವರು ನೋಡಬೇಕಾದ ಪ್ರಬಂಧ ಅದು! ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಅಂತಲೇ ಅವರನ್ನು ಗುರುತಿಸುತ್ತಾರೆ.

1939ರಲ್ಲಿ ಊರಿಗೆ ಮರಳಿ ದೆಹಲಿ, ಕೂನೂರುಗಳಲ್ಲಿ ದುಡಿದು, ಆಮೇಲೆ ಮುಂಬೈನ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ವಿದ್ಯಾರ್ಥಿಗಳ ಜೊತೆ ನೀರಾ ಮೇಲೆ ಮಾಡಿದ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ನಿರ್ದೇಶಕಿಯ ಕುರ್ಚಿ ಬಂದಿದ್ದು ಮಾತ್ರ ತಡವಾಗಿ. ಎಂಬತ್ತು ದಾಟಿದ ಮೇಲೂ ಒಂದು ಸಭೆಯಲ್ಲಿ ಅವರು, ರಾಮನ್ ದೊಡ್ಡ ವಿಜ್ಞಾನಿ, ಆದರೆ ಆವತ್ತು ನನ್ನನ್ನು ನಡೆಸಿಕೊಂಡ ರೀತಿ ಮರೆಯೋಕಾಗಲ್ಲ ಅನ್ನೋ ಅರ್ಥದ ಮಾತಾಡಿದ್ದರು.